ಬಾರಾಟಾಂಗ್‌ಗೆ ಹೋಗುವ ಮುಂಚೆ: ಜಾರವಾ ಕಾಡು, ಅದರ ನಡುವಿನ ರಸ್ತೆ ಮತ್ತು ನಾವು

ಅಂಡಮಾನ್ ಪ್ಯಾಕೇಜ್ ತೆಗೆದುಕೊಂಡವರು ಒಂದು ದಿನ ಮಾತ್ರ ನಡುರಾತ್ರಿ ಕಳೆಯುತ್ತಿದ್ದಂತೆ ಎದ್ದು ಹೊರಡಬೇಕಾಗುತ್ತದೆ. ಅದು ಬಾರಾಟಾಂಗ್ ದ್ವೀಪಕ್ಕೆ ಹೋಗುವ ದಿನ. ಪೋರ್ಟ್ ಬ್ಲೇರ್‌ನಿಂದ (2024ರಿಂದ ಅದರ ಅಧಿಕೃತ ಹೆಸರು ಶ್ರೀ ವಿಜಯಪುರಂ) ಹೊರಟ ಕಾರು, ವ್ಯಾನುಗಳು ಬೆಳಕು ಹರಿಯುವ ಮುಂಚೆಯೇ ಜಿರ್ಕಟಾಂಗ್ ಚೆಕ್‌ಪೋಸ್ಟಿನ ಮುಂದೆ ಸಾಲುಗಟ್ಟಿ ನಿಲ್ಲುತ್ತವೆ. ಗೇಟು ತೆರೆದ ಮೇಲೆ ಎಲ್ಲ ಒಟ್ಟಿಗೆ, ಪೊಲೀಸ್ ಬೆಂಗಾವಲಿನಲ್ಲಿ, ಸುಮಾರು 50 ಕಿಲೋಮೀಟರ್ ದಟ್ಟ ಕಾಡು ದಾಟುತ್ತವೆ. ಆಚೆ ಮಿಡ್ಲ್ ಸ್ಟ್ರೇಟ್ ಜೆಟ್ಟಿ. ಅಲ್ಲಿಂದ ದೋಣಿ, ಸುಣ್ಣಕಲ್ಲಿನ ಗುಹೆ, ಮಣ್ಣು ಉಗುಳುವ ಪುಟ್ಟ ಜ್ವಾಲಾಮುಖಿ, ಮತ್ತೆ ಅದೇ ದಾರಿಯಲ್ಲಿ ವಾಪಸ್.

ಗೇಟು ತೆರೆಯಲು ಕಾಯುವಾಗ ಡ್ರೈವರುಗಳಿಗೆ ಪ್ರವಾಸಿಗರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ. "ಜಾರವಾ ಜನ ಕಾಣಿಸ್ತಾರಾ?" ಜಾರವಾ ಎಂದರೆ ಆ ಕಾಡಿನ ಮೂಲನಿವಾಸಿಗಳು.

ಬೆಂಗಳೂರಿನಿಂದ ನೇರ ವಿಮಾನ ಇರುವುದರಿಂದ ಈ ಸಾಲಿನಲ್ಲಿ ಕನ್ನಡ ಮಾತು ಕೇಳುವುದು ಅಪರೂಪವೇನಲ್ಲ. ಹಾಗೆ ಕೇಳುವವರಲ್ಲಿ ಕೆಟ್ಟ ಉದ್ದೇಶ ಇರುತ್ತದೆ ಎಂದು ನಾನು ಹೇಳುತ್ತಿಲ್ಲ. ಕುತೂಹಲ ಎಲ್ಲರಿಗೂ ಇರುತ್ತದೆ, ಅಲ್ವಾ? ಆದರೆ ಈ ಪ್ರಶ್ನೆಯ ಹಿಂದೆ ಒಂದು ರಸ್ತೆಯ ಕತೆ ಇದೆ, ಒಂದು ಕಾಯಿಲೆಯ ಕತೆ ಇದೆ, ಸುಪ್ರೀಂ ಕೋರ್ಟಿನ ಆದೇಶಗಳಿವೆ. ಅಷ್ಟು ತಿಳಿದ ಮೇಲೆ ಆ ಪ್ರಶ್ನೆ ಕೇಳುವ ಮನಸ್ಸೇ ಬರುವುದಿಲ್ಲ ಎಂದು ನನಗೆ ಅನಿಸುತ್ತದೆ.

ಆ ಕಾಡು ಯಾರದು

ಅಂಡಮಾನ್ ಬಂಗಾಳ ಕೊಲ್ಲಿಯಲ್ಲಿ, ಚೆನ್ನೈನಿಂದ ಸಾವಿರ ಕಿಲೋಮೀಟರಿಗೂ ಆಚೆ ಇರುವ ದ್ವೀಪಗಳ ಸಾಲು. ನೈರುತ್ಯ ಮುಂಗಾರೂ ಈಶಾನ್ಯ ಮಾರುತವೂ ಎರಡೂ ಮಳೆ ತರುತ್ತವೆ. ವರ್ಷಕ್ಕೆ ಸುಮಾರು 3,000 ಮಿಲಿಮೀಟರ್. ಹಾಗಾಗಿ ಇಲ್ಲಿ ನಮ್ಮ ಆಗುಂಬೆ ಕಡೆಯವರಿಗೆ ಗುರುತು ಹತ್ತುವಂಥ ಮಳೆಕಾಡು. ಗರ್ಜನ್ ಮರಗಳು ನೆಟ್ಟಗೆ ಆಕಾಶಕ್ಕೆ ಏರುತ್ತವೆ. ಪಡೌಕ್ ಮರದ ಕೆಂಪು ಕಾಂಡಕ್ಕಾಗಿ ಬ್ರಿಟಿಷರು ಇಲ್ಲಿ ಮರದ ವ್ಯಾಪಾರವನ್ನೇ ಕಟ್ಟಿದರು. ಬೆತ್ತದ ಬಳ್ಳಿ, ಕೆಳಗೆ ಕೊಳೆತ ಎಲೆ, ಜಿಗಣೆ, ಕಡಲ ಅಂಚಿಗೆ ಬಂದರೆ ಕಾಂಡ್ಲಾ (ಮ್ಯಾಂಗ್ರೋವ್) ಕಾಡು.

ದಕ್ಷಿಣ ಮತ್ತು ಮಧ್ಯ ಅಂಡಮಾನಿನ ಪಶ್ಚಿಮ ಭಾಗದಲ್ಲಿ ಸುಮಾರು ಸಾವಿರ ಚದರ ಕಿಲೋಮೀಟರ್ ಕಾಡು ಜಾರವಾ ಜನರಿಗೆ ಮೀಸಲು. 2011ರ ಜನಗಣತಿಯಲ್ಲಿ ಅವರ ಸಂಖ್ಯೆ 380. ಅದಕ್ಕೂ ಹತ್ತು ವರ್ಷ ಮುಂಚೆ 240 ಇತ್ತು. ಅಂದರೆ ಸಂಖ್ಯೆ ಏರುತ್ತಿದೆ. ಅಂಡಮಾನಿನ ಮೂಲ ಸಮುದಾಯಗಳಲ್ಲಿ ಇಂಥ ಸಮಾಧಾನದ ಸುದ್ದಿ ಬಹಳ ಕಡಿಮೆ. ಲಿಟ್ಲ್ ಅಂಡಮಾನಿನ ಓಂಗೆ ಜನ ನೂರರ ಆಸುಪಾಸಿನಲ್ಲಿ ಇದ್ದಾರೆ. ಗ್ರೇಟ್ ಅಂಡಮಾನೀಸ್ ಜನ ಅದಕ್ಕಿಂತಲೂ ಕಡಿಮೆ.

ಜಾರವಾ ಜನ ಬೇಸಾಯ ಮಾಡುವವರಲ್ಲ. ಗುಂಪುಗುಂಪಾಗಿ ಕಾಡಿನಲ್ಲಿ ಜಾಗ ಬದಲಿಸುತ್ತಾ ಬದುಕುತ್ತಾರೆ. ಗಂಡಸರು ಬಿಲ್ಲು ಬಾಣದಿಂದ ಕಾಡುಹಂದಿ ಬೇಟೆಯಾಡುತ್ತಾರೆ. ಬೇಟೆಗೆ ಹೋಗುವಾಗ ಎದೆಗೆ ಮರದ ತೊಗಟೆಯ ಅಗಲ ಪಟ್ಟಿ ಸುತ್ತಿಕೊಳ್ಳುವುದುಂಟು. ಅದು ಎದೆಗೆ ರಕ್ಷಣೆಯೂ ಹೌದು, ಬಾಣ ಚೂರಿ ಸಿಕ್ಕಿಸಿಕೊಳ್ಳಲು ಜಾಗವೂ ಹೌದು. ಹೆಂಗಸರು ತೊರೆಗಳಲ್ಲಿ, ಕಡಲಂಚಿನ ಆಳವಿಲ್ಲದ ನೀರಿನಲ್ಲಿ ಬುಟ್ಟಿಬಲೆ ಹಿಡಿದು ಮೀನು, ಸಿಗಡಿ ಹಿಡಿಯುತ್ತಾರೆ. ಗೆಡ್ಡೆ, ಹಣ್ಣು, ಕಪ್ಪೆಚಿಪ್ಪು, ಆಮೆಯ ಮೊಟ್ಟೆ ಎಲ್ಲಕ್ಕೂ ಅದರದರ ಕಾಲ ಇದೆ.

ಜೇನಿನ ಕಾಲವಂತೂ ಇಡೀ ಗುಂಪಿಗೆ ಸಂಭ್ರಮ. ಒಂದೇ ಮರದ ತುಂಡು ಕೊರೆದು ಮಾಡಿದ ಪಾತ್ರೆಯಲ್ಲಿ ಜೇನು ತುಂಬಿ ತರುತ್ತಾರೆ. ಈ ದ್ವೀಪಗಳ ಜೇನುಗಾರಿಕೆಯ ಬಗ್ಗೆ ಒಂದು ವಿಷಯ ನನಗೆ ಬಹಳ ಇಷ್ಟ. ಓಂಗೆ ಜನ ಜೇನು ಕೀಳುವ ಮುಂಚೆ ಏಲಕ್ಕಿ ಜಾತಿಗೆ ಹತ್ತಿರದ ಒಂದು ಗಿಡವನ್ನು ಅಗಿದು, ಅದರ ರಸ ಮೈಗೆ ಹಚ್ಚಿಕೊಂಡು, ಹುಟ್ಟಿನ ಮೇಲೂ ಉಗಿಯುತ್ತಾರೆ. ಹೊಗೆ ಬೇಡ. ಹುಳ ತಾವಾಗಿಯೇ ಸರಿಯುತ್ತವೆ. ವಿಜ್ಞಾನಿಗಳು ಆ ಗಿಡವನ್ನು ಪರೀಕ್ಷಿಸಿ, ಅದರಲ್ಲಿ ಜೇನುಹುಳಗಳನ್ನು ದೂರ ಇಡುವ ಗುಣ ಇರುವುದನ್ನು ಕಂಡಿದ್ದಾರೆ. ಎಷ್ಟು ತಲೆಮಾರು ಕಾಡನ್ನು ಗಮನಿಸಿದ್ದರೆ ಇಂಥದ್ದು ಗೊತ್ತಾಗುತ್ತದೆ, ಯೋಚಿಸಿ.

ಇನ್ನೊಂದು ವಿಷಯ. ನಾಗರಹೊಳೆಯಲ್ಲಿ ನಾವು ನೋಡುವ ಚುಕ್ಕೆ ಜಿಂಕೆ ಅಂಡಮಾನಿನಲ್ಲೂ ಇದೆ, ಬೇಕಾದಷ್ಟಿದೆ. ಆದರೆ ಅದು ಅಲ್ಲಿನ ಪ್ರಾಣಿಯಲ್ಲ. ಬ್ರಿಟಿಷರು ತಂದು ಬಿಟ್ಟದ್ದು. ಹುಲಿ ಚಿರತೆ ಯಾವುದೂ ಇಲ್ಲದ ದ್ವೀಪದಲ್ಲಿ ಜಿಂಕೆ ಬೆಳೆಯುತ್ತಾ ಹೋಯಿತು, ಎಳೆ ಗಿಡಗಳನ್ನು ಮೇಯುತ್ತಾ ಹೋಯಿತು. ಜಾರವಾ ಜನ ಅದನ್ನು ಬೇಟೆಯಾಡುವ ರೂಢಿ ಇಟ್ಟುಕೊಂಡಿಲ್ಲ. ಅವರ ಬೇಟೆ ಎಂದರೆ ಹಂದಿ. ಹೊರಗಿನಿಂದ ಮೀಸಲು ಕಾಡಿಗೆ ನುಗ್ಗುವ ಕಳ್ಳಬೇಟೆಯವರು ಜಿಂಕೆಯ ಜೊತೆಗೆ ಹಂದಿಯನ್ನೂ ಹೊಡೆಯುತ್ತಾರೆ. ಆಗ ನೇರವಾಗಿ ಜಾರವಾ ಜನರ ಊಟಕ್ಕೇ ಕೈ ಹಾಕಿದಂತಾಗುತ್ತದೆ.

ಈ ಸಮುದಾಯಗಳು ಎಷ್ಟು ಹಳೆಯವು? ಹೈದರಾಬಾದಿನ ಸಿಸಿಎಂಬಿ ಎಂಬ ಜೀವವಿಜ್ಞಾನ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಓಂಗೆ ಮತ್ತು ಗ್ರೇಟ್ ಅಂಡಮಾನೀಸ್ ಜನರ ವಂಶವಾಹಿ ಅಧ್ಯಯನ ಮಾಡಿ 2005ರಲ್ಲಿ ಪ್ರಕಟಿಸಿದರು. ಆಫ್ರಿಕಾದಿಂದ ಹೊರಬಿದ್ದ ಮೊದಲ ಮನುಷ್ಯರ ಗುಂಪುಗಳಿಗೆ ಇವರ ತಾಯಿಯ ಕಡೆಯ ವಂಶ ಸೇರುತ್ತದೆ ಮತ್ತು ಬಹಳ ದೀರ್ಘ ಕಾಲ ಉಳಿದವರಿಂದ ಬೇರೆಯಾಗಿಯೇ ಬೆಳೆದಿದೆ ಎಂಬುದು ಅವರ ವಾದ. ಇದನ್ನೇ ಹಿಡಿದು ಕೆಲವರು "ಶಿಲಾಯುಗದ ಜನ" ಎನ್ನುತ್ತಾರೆ. ಅದು ತಪ್ಪು. ಅವರೂ ನಮ್ಮಷ್ಟೇ ಇವತ್ತಿನವರು. ಹಡಗಿನ ಚೂರು, ಊರುಗಳಿಂದ ತಂದ ಕಬ್ಬಿಣ ಬಡಿದು ಬಾಣದ ತುದಿ ಮಾಡಿಕೊಂಡವರು. ಕಾಲಕ್ಕೆ ತಕ್ಕಂತೆ ಬದಲಾಗುತ್ತಲೇ ಬಂದವರು. ಆ ಬದಲಾವಣೆಯ ವೇಗ ಎಷ್ಟಿರಬೇಕು ಎಂಬುದು ಮಾತ್ರ ಇಷ್ಟು ಕಾಲ ಅವರ ಕೈಯಲ್ಲಿತ್ತು.

ಒಂದು ನೆಗಡಿ ಯಾಕೆ ಅಷ್ಟು ದೊಡ್ಡ ವಿಷಯ

"ಅವರಿಗೆ ರೋಗನಿರೋಧಕ ಶಕ್ತಿ ಕಡಿಮೆ" ಎಂದು ಗೈಡುಗಳು ಹೇಳುವುದುಂಟು. ಕೇಳಿದವರಿಗೆ ಅವರ ಮೈಯೇ ಬಲಹೀನ ಅನಿಸುತ್ತದೆ. ನಿಜ ಬೇರೆ. ಜಾರವಾ ಜನ ಗಟ್ಟಿಮುಟ್ಟು. ತೊಂದರೆ ಇರುವುದು ಲೆಕ್ಕದಲ್ಲಿ.

ದಡಾರವನ್ನು ತೆಗೆದುಕೊಳ್ಳಿ. ಅದು ಒಮ್ಮೆ ಬಂದು ಹೋದರೆ ಸಾಮಾನ್ಯವಾಗಿ ಜೀವಮಾನದಲ್ಲಿ ಮತ್ತೆ ಬರುವುದಿಲ್ಲ. ಹಾಗಾಗಿ ಆ ವೈರಸ್ ಬದುಕಬೇಕಾದರೆ ಅದಕ್ಕೆ ಯಾವಾಗಲೂ ಹೊಸ ಮಕ್ಕಳು ಸಿಗುತ್ತಿರಬೇಕು. ಒಂದೂರಲ್ಲಿ ದಡಾರ ಸತತವಾಗಿ ಉಳಿಯಬೇಕಾದರೆ ಅಲ್ಲಿ ಕೆಲವು ಲಕ್ಷ ಜನ ಇರಬೇಕು ಎಂದು ತಜ್ಞರು ಲೆಕ್ಕ ಹಾಕಿದ್ದಾರೆ. ಮುನ್ನೂರು ನಾನ್ನೂರು ಜನರ ಗುಂಪಿನಲ್ಲಿ ಅದು ಉಳಿಯುವುದೇ ಇಲ್ಲ. ಇನ್ನೊಂದು, ದಡಾರದ ವೈರಸ್ ದನಗಳ ಒಂದು ಹಳೆಯ ರೋಗದ ವೈರಸ್ಸಿಗೆ ಹತ್ತಿರದ ಸಂಬಂಧಿ. ದನ ಸಾಕಿದ, ಪೇಟೆ ಕಟ್ಟಿದ ಜನರ ನಡುವೆ ಹುಟ್ಟಿ ಬೆಳೆದದ್ದು. ಅಂಡಮಾನಿನ ಕಾಡಿನಲ್ಲಿ ದನವೂ ಇರಲಿಲ್ಲ, ಪೇಟೆಯೂ ಇರಲಿಲ್ಲ.

ಈಗ ಹೊರಗಿನ ಒಬ್ಬರು ಅದನ್ನು ಒಳಗೆ ತಂದರು ಎಂದುಕೊಳ್ಳಿ. ನಮ್ಮೂರಲ್ಲಿ ಮಗುವಿಗೆ ದಡಾರ ಬಂದರೆ ಅಜ್ಜಿಗೆ, ತಾಯಿಗೆ, ಪಕ್ಕದ ಮನೆಯವರಿಗೆ ಬರುವುದಿಲ್ಲ. ಅವರಿಗೆಲ್ಲ ಮೊದಲೇ ಬಂದು ಹೋಗಿರುತ್ತದೆ ಅಥವಾ ಲಸಿಕೆ ಆಗಿರುತ್ತದೆ. ಅವರು ಆರೈಕೆ ಮಾಡುತ್ತಾರೆ. ರೋಗವನ್ನೇ ಕಾಣದ ಗುಂಪಿನಲ್ಲಿ ಮಗು, ತಾಯಿ, ಬೇಟೆಗಾರ, ಮುದುಕ ಎಲ್ಲರೂ ಒಂದೇ ವಾರದಲ್ಲಿ ಮಲಗುತ್ತಾರೆ. ನೀರು ತರುವವರಿಲ್ಲ. ಬೆಂಕಿ ನೋಡಿಕೊಳ್ಳುವವರಿಲ್ಲ. ಹಂದಿ ಹೊಡೆದು ತರುವವರಿಲ್ಲ. ದಡಾರದ ಬೆನ್ನಿಗೇ ನ್ಯುಮೋನಿಯಾ ಬರುತ್ತದೆ. ಬಹಳ ಜನ ಸಾಯುವುದು ಆಗ. ಜ್ವರದಷ್ಟೇ ಹಸಿವೆ, ಬಾಯಾರಿಕೆಗಳೂ ಅಲ್ಲಿ ಕೊಲ್ಲುತ್ತವೆ.

ಇದು ಊಹೆಯ ಮಾತಲ್ಲ. ಗ್ರೇಟ್ ಅಂಡಮಾನೀಸ್ ಜನರಿಗೆ ಆದದ್ದೇ ಇದು. 1857ರ ದಂಗೆಯ ಕೈದಿಗಳನ್ನು ಇಡಲು ಬ್ರಿಟಿಷರು 1858ರಲ್ಲಿ ಪೋರ್ಟ್ ಬ್ಲೇರ್‌ನಲ್ಲಿ ನೆಲೆ ಮಾಡಿದಾಗ ಅಲ್ಲಿ ಹತ್ತು ಬೇರೆಬೇರೆ ಗುಂಪುಗಳಿದ್ದವು. ಒಟ್ಟು ಸುಮಾರು ಐದು ಸಾವಿರ ಜನ ಇದ್ದಿರಬೇಕು ಎಂಬ ಅಂದಾಜಿದೆ. 1859ರ ಮೇ ತಿಂಗಳಲ್ಲಿ ಅವರು ಅಬರ್ಡೀನ್ ಎಂಬಲ್ಲಿ ಬ್ರಿಟಿಷರ ಮೇಲೆ ಬಿಲ್ಲು ಬಾಣ ಹಿಡಿದು ಬಿದ್ದರು, ಬಂದೂಕಿನ ಮುಂದೆ ಸೋತರು. ಆಮೇಲೆ ಬ್ರಿಟಿಷರು ಅವರನ್ನು "ಪಳಗಿಸಲು" ಅಂಡಮಾನ್ ಹೋಮ್ ಎಂಬ ಕೇಂದ್ರ ತೆರೆದರು. ಊಟ, ಬಟ್ಟೆ, ತಂಬಾಕು ಕೊಟ್ಟರು. ಅಲ್ಲಿಂದ ಸಿಫಿಲಿಸ್ ಹರಡಿತು. 1877ರಲ್ಲಿ ದಡಾರ ಬಂತು. ಆಮೇಲೆ ಇನ್‌ಫ್ಲುಯೆಂಜಾ. 1901ರ ಗಣತಿಯಲ್ಲಿ ಉಳಿದಿದ್ದವರು 625. 1961ರಲ್ಲಿ 19.

ಹತ್ತೊಂಬತ್ತು ಜನ. ಅವರನ್ನು 1970ರ ಹೊತ್ತಿಗೆ ಸ್ಟ್ರೇಟ್ ಐಲ್ಯಾಂಡ್ ಎಂಬ ಪುಟ್ಟ ದ್ವೀಪಕ್ಕೆ ತಂದು ನೆಲೆಗೊಳಿಸಲಾಯಿತು. 2010ರ ಜನವರಿಯಲ್ಲಿ ಬೋವಾ ಎಂಬ ವೃದ್ಧೆ ತೀರಿಕೊಂಡರು. 'ಬೋ' ಭಾಷೆ ಮಾತಾಡುವ ಕೊನೆಯವರು ಅವರು. ಭಾಷಾವಿಜ್ಞಾನಿ ಅನ್ವಿತಾ ಅಬ್ಬಿ ಅವರ ಮಾತು, ಹಾಡುಗಳನ್ನು ದಾಖಲಿಸಿಕೊಂಡಿದ್ದರಿಂದ ಅಷ್ಟಾದರೂ ಉಳಿದಿದೆ. ತನ್ನ ಭಾಷೆಯಲ್ಲಿ ಮಾತಾಡಲು ಜಗತ್ತಿನಲ್ಲಿ ಇನ್ನೊಬ್ಬರಿಲ್ಲದೆ ವರ್ಷಗಟ್ಟಲೆ ಬದುಕುವುದು ಹೇಗಿರಬಹುದು? ನನಗಂತೂ ಅದನ್ನು ಯೋಚಿಸಿದರೆ ಸಂಕಟವಾಗುತ್ತದೆ.

ಜಾರವಾ ಜನ ಉಳಿದದ್ದು ಹೇಗೆ ಎಂದರೆ, ಅವರು ಯಾರನ್ನೂ ಹತ್ತಿರ ಸೇರಿಸಲಿಲ್ಲ. ನೂರು ವರ್ಷಕ್ಕೂ ಹೆಚ್ಚು ಕಾಲ ಕಾಡಿಗೆ ಕಾಲಿಟ್ಟವರ ಮೇಲೆ ಬಾಣ ಬಿಟ್ಟರು. ಹೊರಗಿನವರು ಅದನ್ನು ಕ್ರೌರ್ಯ ಎಂದರು. ಪಕ್ಕದ ಗ್ರೇಟ್ ಅಂಡಮಾನೀಸ್ ಜನರ ಗತಿ ನೋಡಿದರೆ, ಆ ಬಾಣಗಳೇ ಅವರನ್ನು ಕಾಪಾಡಿದವು ಅಂತ ಹೇಳದೆ ಗತ್ಯಂತರವಿಲ್ಲ.

ರಸ್ತೆ ಬಂದದ್ದು

ಸ್ವಾತಂತ್ರ್ಯ ಬಂದ ಮೇಲೆ ಸರ್ಕಾರ ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರನ್ನು ಅಂಡಮಾನಿಗೆ ಕರೆತಂದು ಜಮೀನು ಕೊಟ್ಟಿತು. ಮಧ್ಯ ಮತ್ತು ಉತ್ತರ ಅಂಡಮಾನಿನಲ್ಲಿ ಊರುಗಳು ಎದ್ದವು. ರಂಗತ್, ಮಾಯಾಬಂದರ್, ದಿಗ್ಲಿಪುರ. 1956ರಲ್ಲಿ ಮೂಲನಿವಾಸಿಗಳ ರಕ್ಷಣೆಗೆ ಒಂದು ಕಾನೂನು ಬಂತು, ಮರುವರ್ಷ ಜಾರವಾ ಮೀಸಲು ಪ್ರದೇಶ ಘೋಷಣೆಯಾಯಿತು. ಹಾಗಿದ್ದೂ ಆ ಊರುಗಳನ್ನು ಪೋರ್ಟ್ ಬ್ಲೇರ್‌ಗೆ ಜೋಡಿಸುವ ಅಂಡಮಾನ್ ಟ್ರಂಕ್ ರೋಡನ್ನು ಅದೇ ಮೀಸಲು ಪ್ರದೇಶದ ಮೂಲಕ ಎಳೆದರು. 1970ರ ದಶಕದಲ್ಲಿ ಕೆಲಸ ನಡೆಯುವಾಗ ಜಾರವಾ ಜನ ಬಾಣಗಳಿಂದ ತಡೆಯಲು ನೋಡಿದರು. ಪೊಲೀಸ್ ಕಾವಲಿನಲ್ಲಿ ಕೆಲಸ ಮುಂದುವರಿಯಿತು. 1980ರ ದಶಕದ ಕೊನೆಯ ಹೊತ್ತಿಗೆ ರಸ್ತೆ ತಯಾರಾಯಿತು. ಉದ್ದ ಮುನ್ನೂರು ಕಿಲೋಮೀಟರಿಗೂ ಹೆಚ್ಚು. ಈಗ ಅದು ರಾಷ್ಟ್ರೀಯ ಹೆದ್ದಾರಿ.

ಇತ್ತ ಪಶ್ಚಿಮ ಕಡಲ ಕಡೆಯಿಂದ 1974ರಿಂದ ಇನ್ನೊಂದು ಪ್ರಯತ್ನ ನಡೆಯುತ್ತಿತ್ತು. ಅಧಿಕಾರಿಗಳು ದೋಣಿಯಲ್ಲಿ ಹೋಗಿ ತೆಂಗಿನಕಾಯಿ, ಬಾಳೆಹಣ್ಣು ಕೊಟ್ಟು ಬರುವುದು. ಸ್ನೇಹ ಬೆಳೆಸುವುದು ಉದ್ದೇಶ. ಬರುಬರುತ್ತಾ ದೊಡ್ಡ ದೊಡ್ಡ ಅತಿಥಿಗಳನ್ನೂ ಆ ದೋಣಿಗಳಲ್ಲಿ ಕರೆದೊಯ್ಯಲಾಯಿತು. ಜಾರವಾ ಜನರನ್ನು ಹೋಗಿ ನೋಡಿಬರುವ ಅಭ್ಯಾಸ ಅಲ್ಲಿಂದಲೇ ಶುರುವಾಯಿತು ಎನ್ನಬಹುದು.

1996ರಲ್ಲಿ ಕಾಲು ಮುರಿದುಕೊಂಡ ಒಬ್ಬ ಜಾರವಾ ಹುಡುಗ ಊರಿನವರಿಗೆ ಸಿಕ್ಕಿದ. ಪೋರ್ಟ್ ಬ್ಲೇರ್ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಚಿಕಿತ್ಸೆ ಆಯಿತು. ಗುಣವಾಗಿ ಕಾಡಿಗೆ ಮರಳಿದ. ಮರುವರ್ಷದ ಕೊನೆಯ ಹೊತ್ತಿಗೆ ಜಾರವಾ ಜನ ಆಯುಧ ಇಲ್ಲದೆ ಹಗಲಲ್ಲೇ ಕಾಡಿನಿಂದ ಹೊರಬರಲು ಶುರುಮಾಡಿದರು. ಆ ಹುಡುಗನ ಅನುಭವ ಅದಕ್ಕೆ ಒಂದು ಕಾರಣ ಎಂದು ಬಹಳ ಜನ ನಂಬುತ್ತಾರೆ. 1999ರಲ್ಲಿ ದಡಾರ ಬಂದೇಬಿಟ್ಟಿತು. ಆದರೆ ಈ ಬಾರಿ ಇತಿಹಾಸ ಮರುಕಳಿಸಲಿಲ್ಲ. ಡಾ. ರತನ್ ಚಂದ್ರ ಕರ್ ಅವರಂಥ ಸರ್ಕಾರಿ ವೈದ್ಯರು ಅವರ ನಡುವೆಯೇ ಕೆಲಸ ಮಾಡಿದರು, ಅವರ ಭಾಷೆ ಕಲಿತರು, ನಂಬಿಕೆ ಗಳಿಸಿದರು. ಆ ಸೇವೆಗಾಗಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಹೊರಗಿನವರ ಸಂಪರ್ಕ ಎಂದರೆ ಎಲ್ಲವೂ ಕೆಟ್ಟದ್ದೇ ಅಲ್ಲ. ಯಾರು, ಯಾಕೆ, ಹೇಗೆ ಹೋಗುತ್ತಾರೆ ಎಂಬುದರ ಮೇಲೆ ಎಲ್ಲ ನಿಂತಿದೆ.

ದಿನಕ್ಕೆ ನೂರಾರು ಗಾಡಿಗಳಲ್ಲಿ ಬರುವ ಪ್ರವಾಸಿಗರು ಆ ವೈದ್ಯರ ಹಾಗೆ ಹೋಗುವವರಲ್ಲ. ಕಿಟಕಿಯಿಂದ ಬಿಸ್ಕತ್ತು, ಬಾಳೆಹಣ್ಣು ಎಸೆದರು. ಮಕ್ಕಳು ರಸ್ತೆಗೆ ಬಂದು ಕೈ ಚಾಚುವ ಹಾಗಾಯಿತು. ಗುಟ್ಕಾ, ಖೈನಿ, ಸಾರಾಯಿ ಒಳಗೆ ಹೋದವು. ಹೆಣ್ಣುಮಕ್ಕಳ ಮೇಲೆ ದೌರ್ಜನ್ಯದ ದೂರುಗಳು ಬಂದವು. 2012ರ ಜನವರಿಯಲ್ಲಿ ಬ್ರಿಟನ್ನಿನ ಅಬ್ಸರ್ವರ್ ಪತ್ರಿಕೆ ಒಂದು ವಿಡಿಯೊ ಹೊರಗೆ ತಂದಿತು. ತಿನಿಸಿನ ಆಸೆ ತೋರಿಸಿ ಜಾರವಾ ಹೆಣ್ಣುಮಕ್ಕಳನ್ನು ಕುಣಿಸುತ್ತಿರುವ ದೃಶ್ಯ. ದೇಶದಲ್ಲೆಲ್ಲ ಸಿಟ್ಟು ಎದ್ದಿತು. "ಮನುಷ್ಯರ ಸಫಾರಿ" ಎಂಬ ಮಾತು ಎಲ್ಲ ಕಡೆ ಕೇಳಿಬಂತು. ಕಾಡಾನೆ ನೋಡಲು ಬಂಡೀಪುರದಲ್ಲಿ ಜೀಪು ಹತ್ತುವ ಹಾಗೆ ಮನುಷ್ಯರನ್ನು ನೋಡಲು ಹೋಗುವುದು, ಅವರು ಕಾಣಿಸದಿದ್ದರೆ ದುಡ್ಡು ದಂಡ ಎಂದುಕೊಳ್ಳುವುದು. ಅದಕ್ಕೆ ಬೇರೆ ಹೆಸರು ಸಿಗುವುದಿಲ್ಲ.

ಕೋರ್ಟು ಏನು ಹೇಳಿತು

ಇಲ್ಲಿ ಸ್ವಲ್ಪ ಗೋಜಲಿದೆ. ಕ್ರಮವಾಗಿ ನೋಡೋಣ.

ಅಂಡಮಾನಿನ ಮರ ಕಡಿತದ ವಿರುದ್ಧ ಸೇನ್, ಕಲ್ಪವೃಕ್ಷ, ಬಿಎನ್‌ಎಚ್‌ಎಸ್ ಎಂಬ ಪರಿಸರ ಸಂಸ್ಥೆಗಳು ಕೋರ್ಟಿಗೆ ಹೋಗಿದ್ದವು. ಸುಪ್ರೀಂ ಕೋರ್ಟ್ ಶೇಖರ್ ಸಿಂಗ್ ಅವರ ಆಯೋಗವನ್ನು ನೇಮಿಸಿತು. ಆ ವರದಿಯ ಮೇಲೆ 2002ರ ಮೇ 7ರಂದು ಬಂದ ಆದೇಶದಲ್ಲಿ, ಜಾರವಾ ಮೀಸಲು ಪ್ರದೇಶದೊಳಗಿನ ರಸ್ತೆಯ ಭಾಗಗಳನ್ನು ಮುಚ್ಚಬೇಕು ಎಂದಿತ್ತು. ಮುಚ್ಚಲಿಲ್ಲ. ಆಡಳಿತ ಕಾಲಾವಕಾಶ ಕೇಳಿತು, ಬದಲಾವಣೆ ಕೇಳಿತು, ವರ್ಷಗಳು ಹೋದವು. ಬೆಂಗಾವಲಿನ ವ್ಯವಸ್ಥೆ ಬಂತು. 2004ರಲ್ಲಿ ಜಾರವಾ ನೀತಿ ಬಂತು. ಅವರ ಬದುಕಿನಲ್ಲಿ ಆದಷ್ಟು ಕಡಿಮೆ ಕೈ ಹಾಕಬೇಕು, ಹೊರಗಿನ ಬದಲಾವಣೆಗಳನ್ನು ಅವರ ಮೇಲೆ ಹೇರಬಾರದು ಎಂಬುದು ಅದರ ತಿರುಳು. ವಿಡಿಯೊ ಪ್ರಕರಣದ ನಂತರ 2012ರಲ್ಲಿ 1956ರ ಕಾನೂನನ್ನು ತಿದ್ದಿ ಶಿಕ್ಷೆ ಬಿಗಿ ಮಾಡಿದರು. 2013ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಈ ರಸ್ತೆಯಲ್ಲಿ ಪ್ರವಾಸಿಗರ ಓಡಾಟವನ್ನೇ ನಿಲ್ಲಿಸಿತು. ಮಾರ್ಚ್‌ನಲ್ಲಿ ಆ ತಡೆ ತೆರವಾಯಿತು.

ಹೀಗಾಗಿ ರಸ್ತೆ ಇವತ್ತೂ ತೆರೆದಿದೆ. ಅಷ್ಟೇ ಅಲ್ಲ, ಬಾರಾಟಾಂಗ್ ಆಚೆ ಹಂಫ್ರೀ ಜಲಸಂಧಿಯ ಮೇಲೆ ದೊಡ್ಡ ಸೇತುವೆಯೂ ಆಗಿದೆ. ಪೋರ್ಟ್ ಬ್ಲೇರ್‌ನಿಂದ ಬಾರಾಟಾಂಗ್‌ಗೆ ಸಮುದ್ರದ ಮೇಲಿಂದಲೇ ಪ್ರವಾಸಿಗರನ್ನು ಕರೆದೊಯ್ಯುವ ಮಾತು ಬಹಳ ವರ್ಷದಿಂದ ಇದೆ. ಆದರೂ ಹೆಚ್ಚಿನ ಪ್ಯಾಕೇಜುಗಳು ಕಾರಿನಲ್ಲೇ ಹೋಗುತ್ತವೆ.

ಆಚೆ ಊರಿನವರ ಪಾಡೇನು

ರಸ್ತೆ ಮುಚ್ಚಿ ಎಂದು ಬೆಂಗಳೂರಿನಲ್ಲೋ ದೆಹಲಿಯಲ್ಲೋ ಕೂತು ಹೇಳುವುದು ಸುಲಭ. ಉತ್ತರ ಮತ್ತು ಮಧ್ಯ ಅಂಡಮಾನ್ ಜಿಲ್ಲೆಯಲ್ಲಿ 2011ರಲ್ಲೇ ಒಂದು ಲಕ್ಷಕ್ಕೂ ಹೆಚ್ಚು ಜನ ಇದ್ದರು. ಅವರನ್ನು ಅಲ್ಲಿಗೆ ಕರೆತಂದದ್ದು ಸರ್ಕಾರವೇ. ದೇಶ ಒಡೆದಾಗ ಎಲ್ಲವನ್ನೂ ಕಳೆದುಕೊಂಡು ಬಂದವರ ಮಕ್ಕಳು, ಮೊಮ್ಮಕ್ಕಳು ಅವರು. ದಿಗ್ಲಿಪುರದಲ್ಲಿ ಹೆರಿಗೆ ಕಷ್ಟವಾದರೆ ಪೋರ್ಟ್ ಬ್ಲೇರ್‌ಗೆ ಹೋಗಬೇಕು. ತರಕಾರಿ ಹೋಗಬೇಕು, ಕಾಲೇಜಿಗೆ ಮಕ್ಕಳು ಹೋಗಬೇಕು. ಮಳೆಗಾಲದಲ್ಲಿ ಕಡಲು ಕೆರಳಿದಾಗ ದೋಣಿ ನಿಲ್ಲುತ್ತದೆ. ಅವರಿಗೆ ಆ ರಸ್ತೆ ನಿಜಕ್ಕೂ ಬೇಕಾದದ್ದು.

ಆದರೆ ಅವರ ಬಸ್ಸು, ಆಂಬುಲೆನ್ಸ್, ತರಕಾರಿ ಲಾರಿಗಳಿಗೂ ನಮ್ಮ ರಜೆಯ ಕಾರುಗಳಿಗೂ ಬಹಳ ವ್ಯತ್ಯಾಸ ಇದೆ. ಎರಡನ್ನೂ ಒಂದೇ ಗೇಟಿನಲ್ಲಿ, ಒಂದೇ ಸಾಲಿನಲ್ಲಿ ನಿಲ್ಲಿಸಿ "ರಸ್ತೆ ಬೇಕೋ ಬೇಡವೋ" ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಪ್ರವಾಸಿಗರಿಗೆ ಕಡಲ ದಾರಿ ಮಾತ್ರ, ಅಲ್ಲಿನ ನಿವಾಸಿಗಳಿಗೆ ಅಗತ್ಯಕ್ಕೆ ತಕ್ಕಷ್ಟು ರಸ್ತೆ, ಜೊತೆಗೆ ಒಳ್ಳೆಯ ದೋಣಿ ಸೌಕರ್ಯ, ದಿಗ್ಲಿಪುರದಲ್ಲೇ ಒಳ್ಳೆಯ ಆಸ್ಪತ್ರೆ. ನನಗೆ ಸರಿ ಕಾಣುವುದು ಈ ಕ್ರಮ. ಗುಹೆ ನೋಡುವ ನಮ್ಮ ಆಸೆಗಾಗಿ ಇನ್ನೊಬ್ಬರ ಕಾಡಿನ ಅಂಗಳ ದಾಟುವ ಹಕ್ಕು ನಮಗೆ ಯಾರೂ ಕೊಟ್ಟಿಲ್ಲ.

ಜಾರವಾ ಜನರಿಗೆ ಏನು ಬೇಕು

ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಇದು. "ಅವರನ್ನು ಮುಖ್ಯವಾಹಿನಿಗೆ ತರಬೇಡವೇ? ಶಾಲೆ, ಆಸ್ಪತ್ರೆ ಬೇಡವೇ?" ಎಂದು ಕೇಳುವವರಿದ್ದಾರೆ. "ಅವರನ್ನು ಪೂರ್ತಿ ಬಿಟ್ಟುಬಿಡಿ" ಎನ್ನುವವರೂ ಇದ್ದಾರೆ. ಎರಡೂ ಕಡೆಯವರು ಜಾರವಾ ಜನರ ಪರವಾಗಿ ತಾವೇ ಮಾತಾಡುತ್ತಾರೆ.

ಜಾರವಾ ಯುವಕರಲ್ಲಿ ಹಿಂದಿ ಮಾತಾಡುವವರು ಇದ್ದಾರೆ. ಕಾಯಿಲೆಯಾದರೆ ಆಸ್ಪತ್ರೆಗೆ ಬರುತ್ತಾರೆ. 2025ರ ಜನವರಿಯಲ್ಲಿ 19 ಜನರಿಗೆ ಮತದಾರರ ಗುರುತಿನ ಚೀಟಿ ಸಿಕ್ಕಿತು. ಬಟ್ಟೆ, ಅಲ್ಯೂಮಿನಿಯಂ ಪಾತ್ರೆ, ಬೇಟೆನಾಯಿ ಅವರ ಬದುಕಿಗೆ ಬಂದಿವೆ. ಹಾಗೆಂದು ಕಾಡು ಬಿಟ್ಟು ಬರುತ್ತೇವೆ ಎಂದು ಅವರು ಹೇಳಿಲ್ಲ. ಹೊರಗೆ ಬರುತ್ತಾರೆ, ಮತ್ತೆ ಒಳಗೆ ಹೋಗುತ್ತಾರೆ. ಬಾಗಿಲು ಯಾವ ಕಡೆಯಿಂದ ತೆರೆಯಬೇಕು ಎಂಬುದೇ ಇಲ್ಲಿನ ತಕರಾರು.

ನಮ್ಮ ಕಡೆಯ ಒಂದು ಹೋಲಿಕೆ ಇದನ್ನು ಅರ್ಥ ಮಾಡಿಕೊಳ್ಳಲು ನೆರವಾಗಬಹುದು. ಕೇಂದ್ರ ಸರ್ಕಾರ ವಿಶೇಷವಾಗಿ ದುರ್ಬಲ ಎಂದು ಗುರುತಿಸಿದ 75 ಬುಡಕಟ್ಟುಗಳಲ್ಲಿ ಜಾರವಾ ಸೇರಿ ಅಂಡಮಾನ್ ನಿಕೋಬಾರಿನ ಐದು ಇವೆ. ಕರ್ನಾಟಕದ ಜೇನು ಕುರುಬರು ಮತ್ತು ಕೊರಗರೂ ಅದೇ ಪಟ್ಟಿಯಲ್ಲಿದ್ದಾರೆ. ನಾಗರಹೊಳೆಯ ಜೇನು ಕುರುಬರು ಸಂಘ ಕಟ್ಟಿಕೊಂಡು ಅರಣ್ಯ ಹಕ್ಕಿಗಾಗಿ ಹೋರಾಡುತ್ತಾರೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು 2011ರಲ್ಲಿ ಹುಲಿ ಮೀಸಲು ಪ್ರದೇಶದೊಳಗೇ ಸಮುದಾಯ ಅರಣ್ಯ ಹಕ್ಕು ಪಡೆದರು. ಅವರ ಹಾಡಿಯೊಳಗೆ ಹೋದರೆ "ಬನ್ನಿ" ಎನ್ನಬಲ್ಲರು, "ಫೋಟೊ ತೆಗೀಬೇಡಿ" ಎಂದು ಗದರಬಲ್ಲರು, ಬೇಕಾದರೆ ಕೋರ್ಟಿಗೂ ಹೋಗಬಲ್ಲರು. ಅವರ ಕಷ್ಟಗಳು ಕಡಿಮೆ ಎಂದಲ್ಲ, ಅವು ಬಹಳ ಇವೆ. ಆದರೆ ಬೇಡ ಎಂದಾಗ ನಮಗೆ ಕೇಳಿಸುತ್ತದೆ. ಗಾಜು ಏರಿಸಿದ ಕಾರಿನೊಳಗೆ ಕೂತವರಿಗೆ ಜಾರವಾ ತಾಯಿಯೊಬ್ಬಳು ಬೇಡ ಎನ್ನುವುದು ಕೇಳಿಸುವುದಿಲ್ಲ. ಆಕೆಗೆ ಅದನ್ನು ಹೇಳಲು ಅವಕಾಶವೂ ಇಲ್ಲ.

ಅಂಡಮಾನಿನದೇ ಆದ ಉತ್ತರ ಸೆಂಟಿನೆಲ್ ದ್ವೀಪದ ಮೂಲನಿವಾಸಿಗಳು ತಮ್ಮ "ಬೇಡ"ವನ್ನು ತುಂಬಾ ಸ್ಪಷ್ಟವಾಗಿ ಹೇಳಿದ್ದಾರೆ. 2004ರ ಸುನಾಮಿ ಆದ ಮೇಲೆ ಅವರು ಸುರಕ್ಷಿತವಾಗಿದ್ದಾರೋ ಎಂದು ನೋಡಲು ಹೋದ ಹೆಲಿಕಾಪ್ಟರಿನ ಕಡೆಗೂ ಬಾಣ ಗುರಿಯಿಟ್ಟರು. 2018ರ ನವೆಂಬರಿನಲ್ಲಿ ಧರ್ಮಪ್ರಚಾರಕ್ಕೆಂದು ಕದ್ದು ಹೋದ ಅಮೆರಿಕದ ಯುವಕ ಜಾನ್ ಚಾವ್ ಅಲ್ಲಿ ಸತ್ತ. 2025ರಲ್ಲಿ ಇನ್ನೊಬ್ಬ ಅಮೆರಿಕನ್ ಅಲ್ಲಿ ಇಳಿದು, ತೆಂಗಿನಕಾಯಿ ಮತ್ತು ಕೋಲಾ ಡಬ್ಬಿ ಇಟ್ಟು ಬಂದು, ಪೊಲೀಸರ ಕೈಗೆ ಸಿಕ್ಕಿದ. ಅವನು ಒಂದು ನೆಗಡಿ ಹೊತ್ತು ಹೋಗಿದ್ದರೆ ಏನಾಗುತ್ತಿತ್ತು ಎಂಬುದನ್ನು ಮೇಲೆ ಹೇಳಿದ್ದೇನೆ. ಕೋವಿಡ್ ಬಂದಾಗ, 2020ರಲ್ಲಿ, ಐವತ್ತರ ಆಸುಪಾಸಿನ ಗ್ರೇಟ್ ಅಂಡಮಾನೀಸ್ ಜನರಲ್ಲಿ ಹತ್ತು ಜನರಿಗೆ ಸೋಂಕು ತಗುಲಿತ್ತು. ಅದೃಷ್ಟಕ್ಕೆ ಗುಣವಾದರು.

ದಕ್ಷಿಣದ ಗ್ರೇಟ್ ನಿಕೋಬಾರಿನಲ್ಲಿ ಇದೇ ಪ್ರಶ್ನೆ ಇನ್ನೂ ದೊಡ್ಡದಾಗಿ ಎದ್ದಿದೆ. ಬಂದರು, ವಿಮಾನ ನಿಲ್ದಾಣ, ಹೊಸ ಪಟ್ಟಣ ಸೇರಿ 72,000 ಕೋಟಿ ರೂಪಾಯಿಯ ಯೋಜನೆಗೆ 2022ರ ನವೆಂಬರಿನಲ್ಲಿ ಪರಿಸರ ಅನುಮತಿ ಸಿಕ್ಕಿತು. ಸುಮಾರು 130 ಚದರ ಕಿಲೋಮೀಟರ್ ಮಳೆಕಾಡು ಹೋಗುತ್ತದೆ. ಅಲ್ಲಿ ಇರುವವರು ಶೋಂಪೆನ್ ಜನ. 2011ರಲ್ಲಿ 229 ಜನ. ಜಾರವಾ ಕಾಡಿನ ನಡುವೆ ಬಂದದ್ದು ಒಂದು ರಸ್ತೆ. ಇಲ್ಲಿ ಬರುವುದು ಒಂದು ಊರೇ.

ಹಾಗಾದರೆ ಹೇಗೆ ಹೋಗಬೇಕು

ಅಂಡಮಾನಿಗೆ ಹೋಗಲೇಬೇಡಿ ಎಂದು ನಾನು ಹೇಳುವುದಿಲ್ಲ. ಅಂಥ ಕಾಡು, ಅಂಥ ಕಡಲು ನೋಡಬೇಕು. ಪ್ಯಾಕೇಜ್ ಬುಕ್ ಮಾಡುವಾಗ ಬಾರಾಟಾಂಗ್ ದಿನ ಬೇಡ ಎಂದು ಹೇಳಿ. ಅದೊಂದು ಮಾತನ್ನು ಸಾಕಷ್ಟು ಜನ ಹೇಳಿದರೆ ಏಜೆಂಟರ ಪಟ್ಟಿ ತಾನಾಗಿಯೇ ಬದಲಾಗುತ್ತದೆ.

ಮಳೆಕಾಡಿನೊಳಗೆ ನಡೆಯಬೇಕು ಎನಿಸಿದರೆ ಪೋರ್ಟ್ ಬ್ಲೇರ್ ಎದುರಿಗೇ ಮೌಂಟ್ ಹ್ಯಾರಿಯೆಟ್ ಇದೆ. 2021ರಿಂದ ಅದರ ಹೆಸರು ಮೌಂಟ್ ಮಣಿಪುರ. 1891ರ ಯುದ್ಧದ ನಂತರ ಗಡಿಪಾರಾದ ಮಣಿಪುರದ ರಾಜಮನೆತನದವರನ್ನು ಅಲ್ಲಿ ಇಟ್ಟಿದ್ದರು. ಹಳೆಯ ಕೆಂಪು 20 ರೂಪಾಯಿ ನೋಟಿನ ಹಿಂದಿದ್ದ ತೆಂಗಿನ ಮರಗಳ ಚಿತ್ರ ಅಲ್ಲಿಂದ ಕಾಣುವ ನೋಟವೇ. ಅಲ್ಲಿಂದ ಮಧುಬನ್ ಕಡೆಗೆ ಕಾಡುದಾರಿ ಇದೆ. ಹಕ್ಕಿ ನೋಡುವವರಿಗೆ ಚಿಡಿಯಾ ಟಾಪು ಇದೆ.

ದಿನ ಜಾಸ್ತಿ ಇದ್ದರೆ ಸರ್ಕಾರಿ ಹಡಗಿನಲ್ಲಿ ಉತ್ತರಕ್ಕೆ ಹೋಗಬಹುದು. ಹ್ಯಾವ್‌ಲಾಕ್, ಲಾಂಗ್ ಐಲ್ಯಾಂಡ್ ಮೂಲಕ ರಂಗತ್‌ಗೆ ದೋಣಿ ಇದೆ, ದಿಗ್ಲಿಪುರಕ್ಕೂ ಹಡಗು ಇದೆ. ವೇಳಾಪಟ್ಟಿ ಹವಾಮಾನದ ಮೇಲೆ ಬದಲಾಗುತ್ತದೆ, ಒಂದೆರಡು ದಿನ ಹೆಚ್ಚು ಇಟ್ಟುಕೊಳ್ಳಿ. ದಿಗ್ಲಿಪುರದ ಶ್ಯಾಮನಗರದಲ್ಲೂ ಮಣ್ಣಿನ ಜ್ವಾಲಾಮುಖಿಗಳಿವೆ. ರಾಮನಗರದ ಹತ್ತಿರ ಸುಣ್ಣಕಲ್ಲಿನ ಗುಹೆಗಳಿವೆ. ಅಂದರೆ ಬಾರಾಟಾಂಗ್‌ನಲ್ಲಿ ನೋಡಲು ಹೋಗುವುದೆಲ್ಲ ಇಲ್ಲೂ ಇದೆ. ಜೊತೆಗೆ 732 ಮೀಟರ್ ಎತ್ತರದ ಸ್ಯಾಡಲ್ ಪೀಕ್, ಚಳಿಗಾಲದಲ್ಲಿ ಕಾಲಿಪುರ ಕಡಲತೀರಕ್ಕೆ ಮೊಟ್ಟೆ ಇಡಲು ಬರುವ ಆಮೆಗಳು.

ಜನರ ಬದುಕು ನೋಡಬೇಕು, ಅವರ ಜೊತೆ ಮಾತಾಡಬೇಕು ಎನ್ನುವವರು ಮಾಯಾಬಂದರ್ ಹತ್ತಿರದ ವೆಬಿ ಊರಿಗೆ ಹೋಗಬಹುದು. 1925ರಲ್ಲಿ ಬರ್ಮಾದಿಂದ ಬಂದು ನೆಲೆಸಿದ ಕರೆನ್ ಜನ ಅಲ್ಲಿದ್ದಾರೆ. ಕಾಡು ಚೆನ್ನಾಗಿ ಬಲ್ಲವರು. ಅತಿಥಿಗಳನ್ನು ಮನೆಯಲ್ಲಿ ಉಳಿಸಿಕೊಳ್ಳುತ್ತಾರೆ, ತಮ್ಮ ಅಡುಗೆ ಬಡಿಸುತ್ತಾರೆ. ಅಲ್ಲಿ ಕರೆಯುವವರು ಅವರು, ಹೋಗುವವರು ನಾವು. ಜಾರವಾ, ಓಂಗೆ ಜನರ ಬಗ್ಗೆ ತಿಳಿಯಬೇಕಾದರೆ ಪೋರ್ಟ್ ಬ್ಲೇರ್‌ನ ಮಾನವಶಾಸ್ತ್ರ ವಸ್ತುಸಂಗ್ರಹಾಲಯಕ್ಕೆ ಅರ್ಧ ದಿನ ಕೊಡಿ. ತೊಗಟೆಯ ಎದೆಪಟ್ಟಿ, ಜೇನಿನ ಪಾತ್ರೆ, ಬಿಲ್ಲುಗಳನ್ನು ನಿಧಾನವಾಗಿ ನೋಡಬಹುದು.

ಏನೋ ಕಾರಣಕ್ಕೆ ಟ್ರಂಕ್ ರೋಡಿನಲ್ಲೇ ಹೋಗಬೇಕಾಗಿ ಬಂದರೆ ನಿಯಮಗಳು ಇವು. ಗಾಡಿ ನಿಲ್ಲಿಸುವಂತಿಲ್ಲ, ಓವರ್‌ಟೇಕ್ ಮಾಡುವಂತಿಲ್ಲ, ಗಂಟೆಗೆ 40 ಕಿಲೋಮೀಟರ್ ಮೀರುವಂತಿಲ್ಲ. ಗಾಜು ಏರಿಸಿರಬೇಕು. ಏನನ್ನೂ ಕೊಡುವಂತಿಲ್ಲ, ಎಸೆಯುವಂತಿಲ್ಲ. ಫೋಟೊ, ವಿಡಿಯೊ ತೆಗೆದರೆ ಜೈಲಾಗುವ ಅಪರಾಧ. ಅದನ್ನು ವಾಟ್ಸಾಪಿನಲ್ಲಿ, ಯೂಟ್ಯೂಬಿನಲ್ಲಿ ಹಾಕಿದರೂ ಕೇಸು ಬೀಳುತ್ತದೆ. ಕೆಮ್ಮು, ಜ್ವರ ಇದ್ದರೆ ಆ ದಿನ ಹೊರಡಲೇಬೇಡಿ. ಮಕ್ಕಳು ಜೊತೆಗಿದ್ದರೆ ಹಿಂದಿನ ರಾತ್ರಿಯೇ ಅವರಿಗೆ ಕಾರಣ ಹೇಳಿ. ಮಕ್ಕಳಿಗೆ ಇದು ದೊಡ್ಡವರಿಗಿಂತ ಬೇಗ ಅರ್ಥವಾಗುತ್ತದೆ. "ಸ್ವಲ್ಪ ದುಡ್ಡು ಕೊಟ್ಟರೆ ನಿಧಾನ ಮಾಡ್ತೀನಿ" ಎಂದು ಡ್ರೈವರ್ ಹೇಳಿದರೆ ಬೇಡ ಎಂದು ಹೇಳಿ, ಮಿಡ್ಲ್ ಸ್ಟ್ರೇಟ್ ತಲುಪಿದ ಮೇಲೆ ಅಲ್ಲಿನ ಪೊಲೀಸರಿಗೆ ಗಾಡಿ ನಂಬರ್ ಕೊಡಿ.